ಬಾಲಕ್ಕೆ ಕಟ್ಟಿದ ಕೆಂಪು ರಿಬ್ಬನ್

ನರಿಯೇ ಇಲ್ಲದ ನರಿಬೇಟೆಯಲ್ಲಿ ನನ್ನ ಗಂಡ ತೀರಿಹೋದದ್ದು. ಹೀಗೆ ಹೇಳಿದರೆ ಜನ ನಗಬೇಕಾ ಅಳಬೇಕಾ ಗೊತ್ತಾಗದೆ ನನ್ನ ಮುಖ ನೋಡ್ತಾರೆ. ನೋಡಲಿ. ಒಂದು ವರ್ಷ ನನಗೂ ಗೊತ್ತಾಗಿರಲಿಲ್ಲ.

ಈ ಡಚ್ಚರ ದೇಶದಲ್ಲಿ ನಾಯಿ ಬಿಟ್ಟು ನರಿ ಹಿಡಿಸ್ಲಿಕ್ಕೆ ಕಾನೂನು ಬಿಡುದಿಲ್ಲ. ಆದರೆ ಆ ಕೆಂಪು ಕೋಟು, ಕಹಳೆ, ಬೇಟೆನಾಯಿ, ಹೊರಡುವ ಮೊದಲು ಕುದುರೆ ಮೇಲೆ ಕೂತೇ ಒಂದು ಗುಟುಕು ಪೋರ್ಟ್ ವೈನು, ಇದನ್ನೆಲ್ಲ ಬಿಡ್ಲಿಕ್ಕೆ ಇವರಿಗೂ ಮನಸ್ಸಿಲ್ಲ. ಹಾಗಾಗಿ ಒಬ್ಬ ಮುಂಚೆಯೇ ಕುದುರೆ ಹತ್ತಿ ಹೋಗಿ, ವಾಸನೆ ಹಚ್ಚಿದ ಬಟ್ಟೆಯೊಂದನ್ನು ನೆಲದ ಮೇಲೆ ಎಳೆದುಕೊಂಡು ಹೋಗ್ತಾನೆ. ನಾಯಿಗಳು ಆ ವಾಸನೆ ಹಿಡಿದು ಓಡುದು. ನಾಯಿಗಳ ಹಿಂದೆ ಮಾಸ್ಟರ್ ಅಂತ ಒಬ್ಬ ಯಜಮಾನ, ಅವನ ಹಿಂದೆ ಊರಿನ ಕುದುರೆ ಎಲ್ಲ. ಸ್ಲಿಪ್‌ಯಾಖ್ಟ್ ಅಂತ ಇದಕ್ಕೆ ಹೆಸರು. ನನ್ನನ್ನು ಕೇಳಿದರೆ ಇದು ಮಕ್ಕಳಾಟ. ಆದರೆ ಬಿದ್ದರೆ ಮೂಳೆ ಮುರಿಯುದು ನಿಜವಾಗಿಯೇ.

ನಮ್ಮ ಮನೆಯವರು, ರಮೇಶ, ಆಮರ್ಸ್‌ಫೋರ್ಟಿನ ಒಂದು ವಿಮೆ ಕಂಪೆನಿಯಲ್ಲಿ ಇದ್ದವರು. ಉಡುಪಿಯಲ್ಲಿ ಸ್ಕೂಟರ್ ಬಿಡ್ಲಿಕ್ಕೇ ಹೆದರುತ್ತಿದ್ದ ಜನ. ಮಗಳು ಅಶ್ವಿತಾಳನ್ನು ಕುದುರೆ ಸವಾರಿ ಕ್ಲಾಸಿಗೆ ಬಿಡ್ಲಿಕ್ಕೆ ಹೋಗಿ ಹೋಗಿ, ಕೊನೆಗೆ ತಾವೇ ಹತ್ತಿ ಕೂತರು. ನಲವತ್ತು ದಾಟಿದ ಮೇಲೆ ಯಾರಿಗಾದರೂ ಇಂಥ ಹುಚ್ಚು ಹಿಡಿದರೆ ಬಿಡುದಿಲ್ಲ ಮಾರಾಯ್ರೆ. ನೋರಾ ಅಂತ ಕಂದು ಬಣ್ಣದ ಒಂದು ಹೆಣ್ಣು ಕುದುರೆ ಬಂತು. ಬೂಟು ಬಂತು. ಆಮೇಲೆ ರೂಲ್ಸು ಬಂತು.

ಆ ರೂಲ್ಸುಗಳ ಮೇಲೆ ಇವರಿಗಿದ್ದ ಭಕ್ತಿ ದೇವರ ಮೇಲೂ ಇರಲಿಲ್ಲ. ಬೆಳಗ್ಗೆ ಬಂದ ಕೂಡಲೇ ಮಾಸ್ಟರಿಗೆ ನಮಸ್ಕಾರ ಹೇಳಬೇಕು, ಹೋಗುವಾಗ ಥ್ಯಾಂಕ್ಸ್ ಹೇಳದೆ ಹೋಗಬಾರದು. ಮಾಸ್ಟರನ್ನು ದಾಟಿ ಮುಂದೆ ಹೋಗಬಾರದು. ನಾಯಿಗಳು ಪಕ್ಕದಲ್ಲಿ ಹೋದರೆ ಕುದುರೆಯ ಮುಖ ಅವುಗಳ ಕಡೆಗೆ ಇರಬೇಕು, ಹಿಂಗಾಲು ಅಲ್ಲ. ತೆಗೆದ ಗೇಟು ಹಾಕಬೇಕು. ಬಿತ್ತಿದ ಗದ್ದೆಗೆ ಇಳಿಯಬಾರದು. ಮುಂದಿನವರು ಹಾರಿ, ಇಳಿದು, ಜಾಗ ಬಿಟ್ಟು ಹೋಗುವ ತನಕ ಹಿಂದಿನವರು ಹಾರಬಾರದು. ಮನೆಯಲ್ಲಿ ನಾನು ಫ್ರಿಜ್ ಬಾಗಿಲು ಹಾಕ್ಲಿಕ್ಕೆ ಮರೆತರೆ "ಗೇಟು, ಶರ್ಮಿಳಾ, ಗೇಟು" ಅಂತ ಕೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ರತಿ ಆದಿತ್ಯವಾರ ಊರಿಗೆ ಫೋನು. ಅತ್ತೆ ಜಲಜಾಕ್ಷಿ ಪಡುಬಿದ್ರೆಯಿಂದ ಕೇಳುದು ಒಂದೇ ಪ್ರಶ್ನೆ.

"ನರಿ ಸಿಕ್ಕಿತಾ?"

"ನರಿಯೇ ಇಲ್ಲ ಅಮ್ಮ, ಎಷ್ಟು ಸಲ ಹೇಳುದು."

"ನರಿ ಮುಖ ನೋಡಿದರೆ ಒಳ್ಳೆದಾಗ್ತದೆ ಅಂತಾರೆ. ನೀವು ಅಷ್ಟೂ ಜನ ನರಿ ಮುಖ ನೋಡದೆಯೇ ಓಡ್ತೀರಲ್ಲ, ಯಾವ ಲಾಭಕ್ಕೆ?"

ಇವರು ನಕ್ಕು, ಆ ವಾರದ ಬೇಟೆಯ ಕಥೆಯನ್ನು ಬುಡದಿಂದ ತುದಿಯವರೆಗೆ ಹೇಳುತ್ತಿದ್ದರು. ಯಾವ ಕುದುರೆ ಹೇಗೆ, ಯಾರ ಟೊಪ್ಪಿ ಬಿತ್ತು, ಯಾವ ರೂಲು ಯಾಕೆ ಎಲ್ಲ. ಒಂದು ಗಂಟೆ ಎಂತ ಮಾತಾಡುದು ಅಂತ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅತ್ತೆ ಮಾತ್ರ ಕೇಳುತ್ತಿದ್ದರು. ಅವರ ತಂದೆಯ ಮನೆಯಲ್ಲಿ ಕಂಬಳದ ಕೋಣ ಸಾಕುತ್ತಿದ್ದರು. ಪ್ರಾಣಿ ಓಡಿಸುವ ಗಂಡಸರ ಮಾತು ಕೇಳಿಯೇ ಅವರು ಬೆಳೆದದ್ದು.

ಎರಡು ಸಾವಿರದ ಹದಿನಾರರ ನವೆಂಬರಿನಲ್ಲಿ, ಊರ ಹೊರಗಿನ ಹೊಲಗಳಲ್ಲಿ, ನೀರು ತುಂಬಿದ ಒಂದು ಕಾಲುವೆ ಹಾರುವಾಗ ನೋರಾ ಆಚೆ ದಡದ ಕೆಸರಲ್ಲಿ ಜಾರಿದಳು. ಇವರು ಬಿದ್ದರು. ಬಿದ್ದದ್ದಕ್ಕೆ ಎಂತದೂ ಆಗುತ್ತಿರಲಿಲ್ಲ, ಬಿದ್ದು ಏಳುದು ಇವರಿಗೆ ಅಭ್ಯಾಸ. ಆದರೆ ಹಿಂದಿನ ಕುದುರೆ ಆಗಲೇ ನೆಲ ಬಿಟ್ಟಿತ್ತು. ಅದು ಇವರ ಮೇಲೆಯೇ ಇಳಿಯಿತು. ಅದರ ಮೇಲೆ ಇದ್ದವನು ಖೆರಿಟ್ ಅಂತ, ರಿಟೈರ್ ಆದ ಹಲ್ಲಿನ ಡಾಕ್ಟರ್. ತೀರಾ ಹತ್ತಿರ ಬಂದಿದ್ದ. ಅಷ್ಟೇ.

ಯಾರ ತಪ್ಪೂ ಅಲ್ಲ ಅಂದರು. ಪೊಲೀಸರು ಅಂದರು, ಕ್ಲಬ್ಬಿನವರು ಅಂದರು, ಕಾಫಿ ಕುಡಿಯುತ್ತಾ ನೆರೆಯವರೂ ಅಂದರು. ನಾನೂ "ಹೌದು, ಯಾರ ತಪ್ಪೂ ಅಲ್ಲ" ಅಂದೆ. ಹೇಳ್ಲಿಕ್ಕೆ ಸುಲಭ ಇತ್ತು.

ಆಮೇಲಿನ ಒಂದು ವರ್ಷ ನಾನು ಅಳಲಿಲ್ಲ, ಜಗಳ ಮಾಡಲಿಲ್ಲ. ಆಫೀಸಿಗೆ ಹೋದೆ, ಬಂದೆ, ಅನ್ನ ಮಾಡಿದೆ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಡ್ತಾರಲ್ಲ, ದವಡೆ ಇದೆ ಅಂತ ಗೊತ್ತು, ಮುಟ್ಟಿದರೆ ಗೊತ್ತಾಗುದಿಲ್ಲ, ಹಾಗೆ ಇದ್ದೆ. ಮಗಳು ಏನು ಕೇಳಿದರೂ ನನ್ನದು ಒಂದೇ ಉತ್ತರ. "ನಿನ್ನಿಷ್ಟ." ಕೂದಲು ಕತ್ತರಿಸಲಾ ಮಮ್ಮಿ? ನಿನ್ನಿಷ್ಟ. ನೋರಾಳನ್ನು ಇಟ್ಟುಕೊಳ್ಳುವಾ? ನಿನ್ನಿಷ್ಟ. ಹದಿನೇಳರ ಹುಡುಗಿ ನನ್ನನ್ನು ನೋಡಿ ಏನೋ ಹೇಳ್ಲಿಕ್ಕೆ ಬಾಯಿ ತೆರೆದು, ಹೇಳದೆ ಹೋಗುತ್ತಿದ್ದಳು. ನಾನು ಕರೆಯುತ್ತಿರಲಿಲ್ಲ. ಅವಳೂ ಅತ್ತದ್ದನ್ನು ನಾನು ನೋಡಿಲ್ಲ.

ಮುಂದಿನ ನವೆಂಬರಿನ ಕೊನೆಗೆ ಕ್ಲಬ್ಬಿನಿಂದ ಫೋನು ಬಂತು. ಅದೇ ಹೊಲಗಳಲ್ಲಿ ಈ ವರ್ಷವೂ ಬೇಟೆ ಉಂಟು, ಅಪ್ಪನ ನೆನಪಿಗೆ ಅಶ್ವಿತಾ ನೋರಾಳ ಮೇಲೆ ಬರ್ತಾಳಾ, ಮಾಸ್ಟರನ ಬೆನ್ನಿಗೇ ಮೊದಲ ಸಾಲಿನಲ್ಲಿ ಜಾಗ ಕೊಡ್ತೇವೆ ಅಂತ. ದೊಡ್ಡ ಗೌರವ ಅಂತೆ ಅದು. ಆ ಮೊದಲ ಸಾಲಿನಲ್ಲಿ ಕುದುರೆಗಳು ಹೇಗೆ ಒಂದಕ್ಕೊಂದು ಒತ್ತಿಕೊಂಡು ಹೋಗ್ತವೆ ಅಂತ ನಾನು ಕಂಡವಳು.

"ಮಮ್ಮಿ, ಐ ವಾಂಟ್ ಟು ಗೋ," ಅಂದಳು.

"ನಿನ್ನಿಷ್ಟ," ಅಂದೆ.

ಅಷ್ಟು ಹೊತ್ತಿಗೆ ಅತ್ತೆ ಊರಲ್ಲಿ ವರ್ಷಾಂತಿಕ ಮುಗಿಸಿ ನಮ್ಮೊಟ್ಟಿಗೆ ಇರ್ಲಿಕ್ಕೆ ಬಂದಿದ್ದರು. ಅವರು ರಂಪ ಮಾಡ್ತಾರೆ, ಹುಡುಗಿಯನ್ನು ಕಳಿಸುದಿಲ್ಲ ಅಂತ ಹಟ ಹಿಡಿತಾರೆ ಅಂತ ನಾನು ಒಳಗೊಳಗೆ ಕಾದದ್ದು ಉಂಟು. ಯಾರಾದರೂ ಬೇಡ ಅನ್ನಲಿ, ನಾನಲ್ಲದೆ ಬೇರೆ ಯಾರಾದರೂ. ಅತ್ತೆ ಅನ್ನಲಿಲ್ಲ.

"ಬೇಡ ಅಂದರೆ ಕದ್ದು ಹೋಗ್ತಾಳೆ," ಅಂದರು. "ಇವಳ ಅಪ್ಪ ಹಾಗೆಯೇ ಸಮುದ್ರಕ್ಕೆ ಹೋಗುತ್ತಿದ್ದ. ನೂಲಿನಂತೆ ಸೀರೆ."

ಬೇಟೆಗೆ ಎರಡು ದಿನ ಇರುವಾಗ ಅತ್ತೆಯನ್ನು ಪೇಟೆಗೆ ಕರೆದುಕೊಂಡು ಹೋದೆ. ಅತ್ತೆ ಅಂಗಡಿಯಲ್ಲಿ ಉಡುಗೊರೆ ಕಟ್ಟುವ ರಿಬ್ಬನ್ನುಗಳ ಎದುರು ನಿಂತು, ಒಂದನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ, ಅಗಲ ಸಾಲದು ಅಂತ ಇಟ್ಟು, ಇನ್ನೊಂದನ್ನು ತೆಗೆದರು. ಕೆಂಪು. ಯಾಕೆ ಅಂತ ನಾನು ಕೇಳಲಿಲ್ಲ. ಆ ವರ್ಷ ನಾನು ಯಾರನ್ನೂ ಏನನ್ನೂ ಯಾಕೆ ಅಂತ ಕೇಳಿಲ್ಲ.

ಬೇಟೆಯ ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿತ್ತು. ಒಂದು ದೊಡ್ಡ ತೋಟದ ಮನೆಯ ಎದುರು ಎಲ್ಲರೂ ಸೇರುದು. ಅಶ್ವಿತಾ ನೋರಾಳ ಕುತ್ತಿಗೆ ಕೂದಲನ್ನು ಸಣ್ಣ ಸಣ್ಣ ಜಡೆ ಹಾಕಿ ಮುಗಿಸಿ, ಕೋಟು ಹಾಕಿಕೊಳ್ಳುತ್ತಿದ್ದಳು. ನಾನು ಕಾಫಿ ತರ್ಲಿಕ್ಕೆ ಹೋದೆ. ತಿರುಗಿ ಬರುವಾಗ ಅತ್ತೆ, ಸೀರೆಯ ಮೇಲೆ ನನ್ನ ಹಳೆ ಜಾಕೆಟ್ಟು ಹಾಕಿಕೊಂಡು, ಕುದುರೆಯ ಹಿಂದೆ ನಿಂತಿದ್ದರು. ಹಿಂದೆ ಅಂದರೆ ನೇರ ಹಿಂದೆ ಅಲ್ಲ, ಪಕ್ಕಕ್ಕೆ ಸರಿದು, ಎಡಗೈಯನ್ನು ಅದರ ತೊಡೆಯ ಮೇಲಿಟ್ಟು, ತುಳುವಿನಲ್ಲಿ ಮೆಲ್ಲಗೆ ಮಾತಾಡುತ್ತಾ. ನೋರಾ ಕಿವಿ ತಿರುಗಿಸಿ ಕೇಳುತ್ತಿದ್ದಳು. ಬಾಲದ ಬುಡದಲ್ಲಿ ಕೆಂಪು ರಿಬ್ಬನ್, ಶಾಲೆಗೆ ಹೋಗುವ ಹುಡುಗಿಯ ಜಡೆಗೆ ಕಟ್ಟಿದ ಹಾಗೆ ದೊಡ್ಡ ಹೂ ಮಾಡಿ ಕಟ್ಟಿದ್ದರು.

ನಾನು ಇದ್ದಲ್ಲೇ ನಿಂತೆ. ಬೇಟೆಗೆ ಬಂದವರಿಗೆಲ್ಲ ಆ ಕೆಂಪಿನ ಅರ್ಥ ಗೊತ್ತು. ಬಾಲಕ್ಕೆ ಕೆಂಪು ಕಟ್ಟಿದರೆ ಈ ಕುದುರೆ ಒದೀತದೆ, ದೂರ ಇರಿ ಅಂತ. ಅಂಥ ಕುದುರೆಗೆ ಎಲ್ಲರಿಗಿಂತ ಕೊನೆಯ ಜಾಗ. ನಾಯಿಗಳ ಹತ್ತಿರ ಹೋಗ್ಲಿಕ್ಕಿಲ್ಲ. ಬೇಟೆಯಲ್ಲಿ ನಾಯಿಗೆ ಒದೆ ಬಿದ್ದರೆ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಪಾಪ ನೋರಾ, ಹುಟ್ಟಿದ ಮೇಲೆ ಒಂದು ನೊಣಕ್ಕೂ ಕಾಲೆತ್ತಿದವಳಲ್ಲ.

"ಅಯ್ಯೋ ಅಜ್ಜೀ!" ಅಶ್ವಿತಾ ಆಗಲೇ ಹತ್ತಿ ಕೂತಿದ್ದಳು, ಹಿಂದೆ ತಿರುಗಿ ನೋಡಿ ಕೂಗಿದಳು. "ವಾಟ್ ಈಸ್ ದಟ್? ಮಮ್ಮಿ, ತೆಗಿ ಅದನ್ನ, ಪ್ಲೀಸ್!"

ಸವಾರರ ಸಾಲನ್ನು ನೋಡಿಕೊಳ್ಳುವ ಮರೈಕೆ ಅನ್ನುವ ಹೆಂಗಸು ಕುದುರೆ ನಡೆಸಿಕೊಂಡು ಬಂದೇ ಬಿಟ್ಟಳು. ರಿಬ್ಬನ್ ನೋಡಿದಳು, ಅತ್ತೆಯ ಸೀರೆ ನೋಡಿದಳು, ಅರ್ಥ ಆಯಿತು ಅನ್ನುವ ಹಾಗೆ ನಕ್ಕಳು.

"ನಿಮ್ಮ ಪೂಜೆಯದ್ದಾ? ಚೆಂದ ಉಂಟು," ಅಂದಳು ಡಚ್ಚಿನಲ್ಲಿ. "ಆದರೆ ಇಲ್ಲಿ ಅದಕ್ಕೆ ಬೇರೆ ಅರ್ಥ. ಕುದುರೆ ಒದೆಯುದಿಲ್ಲ ಅಂತಾದರೆ ಬಿಚ್ಚಿಬಿಡಿ, ಹುಡುಗಿ ಮುಂದೆ ಬರಲಿ. ಒದೀತದೆ ಅಂತಾದರೆ ಅವಳು ಕೊನೆಗೆ ಹೋಗಬೇಕಾಗ್ತದೆ."

"ಒದೆಯುದಿಲ್ಲ, ಒದೆಯುದಿಲ್ಲ," ಅಂದಳು ಅಶ್ವಿತಾ. ಮುಖ ಕೆಂಪಾಗಿತ್ತು. "ನನ್ನ ಅಜ್ಜಿ ಗೊತ್ತಿಲ್ಲದೆ ಕಟ್ಟಿದ್ದು."

ನಾನು ಹೋಗಿ ಗಂಟಿಗೆ ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಎಪ್ಪತ್ತು ದಾಟಿದ ಕೈ, ಇಕ್ಕಳದ ಹಾಗೆ.

"ಬಿಚ್ಚಬೇಡ."

"ಅತ್ತೇ, ಇಲ್ಲಿ ಇದು ದೃಷ್ಟಿಗೆ ಕಟ್ಟುದಲ್ಲ. ಇವರಲ್ಲಿ ಇದಕ್ಕೆ..."

"ಗೊತ್ತುಂಟು ನನಗೆ. ಒದೆಯುವ ಕುದುರೆಗೆ ಕಟ್ಟುದು. ಕಂಡವರು ಹತ್ತಿರ ಬರುದಿಲ್ಲ. ರಮೇಶ ಹೇಳಿದ್ದ." ಅವರು ಕುದುರೆಯ ಕುತ್ತಿಗೆ ಕಡೆ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ಜಡೆಯ ನಡುವೆ ಕಪ್ಪು ನೂಲೊಂದು ಕಂಡೂ ಕಾಣದ ಹಾಗೆ ಇತ್ತು. "ದೇವರಿಗೆ ಅದು ಉಂಟು. ಇದು ಮನುಷ್ಯರಿಗೆ."

ನಾನು ಆ ಕಪ್ಪು ನೂಲನ್ನು ನೋಡಿದೆ.

"ಅವನಿಗೂ ಯಾರಾದರೂ ಹೀಗೊಂದು ಕಟ್ಟಿ ಕಳಿಸಿದ್ದರೆ ಆಗ್ತಿತ್ತು," ಅಂದರು ಅತ್ತೆ. ದನಿಯಲ್ಲಿ ಅಳು ಇರಲಿಲ್ಲ, ಬೈಗುಳವೂ ಇರಲಿಲ್ಲ. ನನ್ನ ಕೈ ಬಿಟ್ಟರು. "ನಾನು ಹೇಳುದು ಹೇಳಿದೆ. ನೀನು ತಾಯಿ. ಇನ್ನು ನಿನ್ನಿಷ್ಟ."

ಆ ಎರಡು ಪದ ನನಗೆ ಕೆನ್ನೆಗೆ ಹೊಡೆದ ಹಾಗೆ ಬಿತ್ತು. ವರ್ಷವಿಡೀ ನಾನು ಮಗಳಿಗೆ ಕೊಟ್ಟದ್ದು ಅದನ್ನೇ ಅಲ್ಲವಾ. ಮರೈಕೆ ಕಾಯುತ್ತಿದ್ದಳು. ಅಶ್ವಿತಾ ಕಾಯುತ್ತಿದ್ದಳು. ನಾನು ಗಂಟು ಬಿಚ್ಚಲಿಲ್ಲ. ಇನ್ನೊಂದು ಸುತ್ತು ಹಾಕಿ ಬಿಗಿ ಮಾಡಿದೆ.

"ಒದೀತಾಳೆ," ಅಂದೆ ಮರೈಕೆಗೆ.

"ಮಮ್ಮಿ!"

"ಈ ಬೇಸಿಗೆಯಿಂದ ಶುರುವಾದ ಚಾಳಿ. ಮೊನ್ನೆ ನನಗೇ ಕಾಲು ಬೀಸಿದಳು. ಮಗಳಿಗೆ ಹೇಳಿರಲಿಲ್ಲ."

ಇಷ್ಟು ಚೆಂದದ ಸುಳ್ಳು ನನ್ನ ಬಾಯಲ್ಲಿ ಎಲ್ಲಿತ್ತೋ. ಮರೈಕೆಗೆ ನಂಬಿಕೆ ಬರಲಿಲ್ಲ, ಮುಖದಲ್ಲೇ ಗೊತ್ತಾಯಿತು. ಆದರೆ ಒದೀತದೆ ಅಂತ ಮನೆಯವರೇ ಹೇಳಿದ ಮೇಲೆ ಇಲ್ಲ ಅನ್ನುವ ಹಾಗಿಲ್ಲ, ರೂಲು ಅಂದರೆ ರೂಲು. "ಹಾಗಾದರೆ ಕೊನೆಗೆ," ಅಂದು ಹೋದಳು. ಅಶ್ವಿತಾ ನನ್ನನ್ನು ನೋಡಿದ ನೋಟ ನಾನು ಇಲ್ಲಿ ಬರೆಯುದಿಲ್ಲ. ಕಹಳೆ ಊದಿದರು. ಕುದುರೆಗಳೆಲ್ಲ ಮುಂದೆ ಹೋದವು. ನನ್ನ ಮಗಳು ತಲೆ ತಗ್ಗಿಸಿ, ಒಬ್ಬಳೇ, ದೂರದಲ್ಲಿ ಹಿಂದೆ ಹೋದಳು.

ನೋಡುವವರಿಗೆ ಟ್ರ್ಯಾಕ್ಟರಿಗೆ ಕಟ್ಟಿದ ಗಾಡಿ. ಹುಲ್ಲಿನ ಕಟ್ಟಿನ ಮೇಲೆ ನಾನೂ ಅತ್ತೆಯೂ ಕೂತೆವು. ಯಾರೋ ಕಂಬಳಿ ಕೊಟ್ಟರು. ಅತ್ತೆಯ ಬಾಯಿ ಏನೋ ಹೇಳಿಕೊಳ್ಳುತ್ತಿತ್ತು, ದೇವರ ಹೆಸರೋ ಮಗನ ಹೆಸರೋ. ಗಾಡಿ ಕಾಲುವೆಯ ಹತ್ತಿರ ನಿಂತಿತು. ಅದೇ ಕಾಲುವೆ. ನಾನು ಆ ದಿನ ಆಫೀಸಿನಲ್ಲಿದ್ದವಳು, ಜಾಗವನ್ನು ಕಂಡದ್ದು ಆಗಲೇ ಮೊದಲು. ಎಷ್ಟು ಸಣ್ಣದು ಮಾರಾಯ್ರೆ! ನಮ್ಮೂರಲ್ಲಾದರೆ ಮಕ್ಕಳು ಅಡಿಕೆ ಮರದ ಸಂಕ ಹಾಕಿ ದಾಟಿಯಾರು.

ನಾಯಿಗಳು ಬೊಗಳುತ್ತಾ ಈಜಿ ದಾಟಿದವು. ಮಾಸ್ಟರ್ ಹಾರಿದ. ಹಿಂದೆ ಮೊದಲ ಸಾಲು, ಒಂದರ ಬೆನ್ನಿಗೆ ಒಂದು, ಮಣ್ಣು ಹಾರಿಸುತ್ತಾ, ಮೂಗಿಗೆ ಬಾಲ ತಾಗಿಸುತ್ತಾ. ಅಷ್ಟು ದೊಡ್ಡ ರೂಲು ಎಲ್ಲಿ ಹೋಯಿತೋ. ಓಡುವ ಅಮಲಿನಲ್ಲಿ ಯಾರಿಗೂ ನೆನಪಿರುದಿಲ್ಲ, ಅಷ್ಟೇ. ಆಮೇಲೆ ಮಂದಿ ಕಡಿಮೆಯಾಯಿತು. ಆಮೇಲೆ ಖಾಲಿ ಹೊಲ. ಆ ಖಾಲಿ ಹೊಲದಲ್ಲಿ ಅಶ್ವಿತಾ.

ಅವಳು ಒಬ್ಬಳೇ ಇರಲಿಲ್ಲ. ಅವಳ ಹಿಂದೆ ಇನ್ನೊಂದು ಕುದುರೆ ಇತ್ತು, ದೊಡ್ಡದು, ಬೂದು ಬಣ್ಣದ್ದು. ಮೇಲೆ ಕೂತವನ ಬೆನ್ನು ಸ್ವಲ್ಪ ಗೂನು. ನನ್ನ ಪಕ್ಕ ಕೂತಿದ್ದ ಹೆಂಗಸು ತನ್ನವರಿಗೆ ಹೇಳುತ್ತಿದ್ದಳು, ಪಾಪ, ಖೆರಿಟ್ ಹೋದ ವರ್ಷದಿಂದ ಮುಂದೆ ಹೋಗುದೇ ಇಲ್ಲ, ಯಾವಾಗಲೂ ಕೊನೆಯಲ್ಲೇ ಅಂತ.

ನಾನೇ ಕಳಿಸಿದ್ದೆ. ಮೊದಲ ಸಾಲಿನಿಂದ ತೆಗೆದು, ಸುಳ್ಳು ಹೇಳಿ, ಆ ಮನುಷ್ಯನ ಎದುರಿಗೆ ನಾನೇ ನನ್ನ ಮಗಳನ್ನು ತಳ್ಳಿದ್ದೆ. ಎದ್ದು ನಿಂತೆ. ಕಂಬಳಿ ಕೆಳಗೆ ಬಿತ್ತು. ಅಶ್ವಿತಾ ನೋರಾಳನ್ನು ಓಟಕ್ಕೆ ಬಿಟ್ಟಳು. ಬೂದು ಕುದುರೆಯೂ ಓಟ ಹಿಡಿಯಿತು.

ಅಷ್ಟರಲ್ಲಿ ಅವನು ಲಗಾಮು ಎಳೆದ. ಕುದುರೆ ತಲೆ ಕೊಡವಿತು, ಒಪ್ಪಲಿಲ್ಲ, ಅಡ್ಡಡ್ಡ ಹೋಯಿತು. ಅವನು ಇನ್ನೂ ಎಳೆದ, ಅದರ ಮುಖವನ್ನೇ ಬೇರೆ ಕಡೆಗೆ ತಿರುಗಿಸಿ ನಿಲ್ಲಿಸಿದ. ಒಂದು ಇಡೀ ಗದ್ದೆಯಷ್ಟು ಜಾಗ ಬಿಟ್ಟಿದ್ದ. ಆ ಜಾಗದ ಈಚೆ ತುದಿಯಲ್ಲಿ ಕೆಂಪು ರಿಬ್ಬನ್ ಹಾರುತ್ತಿತ್ತು.

ಅಶ್ವಿತಾ ಹಾರಿದಳು. ನೋರಾಳ ಹಿಂಗಾಲು ದಡದಲ್ಲಿ ಜಾರಿತು. ಹೌದು, ಈ ಸಲವೂ ಜಾರಿತು. ಹುಡುಗಿ ಕುತ್ತಿಗೆಯ ಮೇಲೆ ಬಿದ್ದಳು, ಜಡೆಗಳನ್ನು ಹಿಡಿದುಕೊಂಡಳು, ಒಂದು ಕಾಲು ಜೀನಿನ ರಿಕಾಪಿನಿಂದ ತಪ್ಪಿ ನೇತಾಡಿತು. ಕುದುರೆ ಮುಗ್ಗರಿಸಿ, ಮೊಣಕಾಲೂರಿ, ಎದ್ದಿತು. ಅದಕ್ಕೆ ಸಮಯ ಇತ್ತು. ಹಿಂದೆ ಯಾರೂ ಬರಲಿಲ್ಲ.

ಅವಳು ನೆಟ್ಟಗಾಗಿ, ರಿಕಾಪು ಹುಡುಕಿ ಕಾಲಿಟ್ಟು, ಹೊಲ ದಾಟಿ ಮರಗಳ ಆಚೆ ಹೋಗುವ ತನಕ ಖೆರಿಟ್ ಹಾಗೆಯೇ ನಿಂತಿದ್ದ. ಆಮೇಲೆ ಹಾರಲಿಲ್ಲ. ಕುದುರೆ ನಡೆಸಿಕೊಂಡು ಸೇತುವೆಯ ಕಡೆ ಸುತ್ತಿ ಹೋದ.

"ಯಾರು ಅವನು?" ಅಂದರು ಅತ್ತೆ.

"ಅವನೇ."

ಅತ್ತೆ ತುಂಬ ಹೊತ್ತು ಆ ಗೂನು ಬೆನ್ನನ್ನು ನೋಡಿದರು. "ಕೆಂಪು ಕಂಡಿತಲ್ಲ ಅವನಿಗೆ," ಅಂದರು. ರಿಬ್ಬನ್ ಇಲ್ಲದಿದ್ದರೂ ನಿಲ್ಲಿಸುತ್ತಿದ್ದನಾ? ಇರಬಹುದು. ನನಗೆ ತಿಳಿಯುದು ಬೇಡ. ಕ್ಷಮಿಸಿದೆ ಗಿಮಿಸಿದೆ ಅಂತ ಎಂತದೂ ಇಲ್ಲ, ಆ ಮಾತು ನನ್ನ ಹತ್ತಿರ ಎತ್ತಬೇಡಿ.

ಮಧ್ಯಾಹ್ನ ಎಲ್ಲರೂ ತಿರುಗಿ ತೋಟದ ಮನೆಯ ಅಂಗಳಕ್ಕೆ ಬಂದರು. ಓಡಿದ್ದಕ್ಕೆ ಕೂಲಿ ಅಂತ ನಾಯಿಗಳಿಗೆ ದನದ ಕರುಳು ಹಾಕ್ತಾರೆ. ಸವಾರರೆಲ್ಲ ಕುದುರೆ ಇಳಿದು, ಟೊಪ್ಪಿ ತೆಗೆದು ಸುತ್ತ ನಿಂತರು. ಅಶ್ವಿತಾಗೆ ಆ ಸುತ್ತಿನಲ್ಲಿ ಜಾಗ ಇರಲಿಲ್ಲ, ಕೆಂಪು ಕಟ್ಟಿದ ಕುದುರೆಯಲ್ಲವಾ. ಬೇಲಿಯ ಹತ್ತಿರ ನೋರಾಳೊಟ್ಟಿಗೆ ಬೇರೆಯೇ ನಿಂತಿದ್ದಳು. ಗಲ್ಲದಲ್ಲಿ ಕೆಸರು. ನಾನು ಹತ್ತಿರ ಹೋದೆ.

"ಯು ಲೈಡ್," ಅಂದಳು.

"ಹೌದು."

"ನೋರಾ ಒದೆಯಲ್ಲ ಅಂತ ನಿಂಗೆ ಗೊತ್ತಿತ್ತು. ಎಲ್ಲರ ಮುಂದೆ ಸುಳ್ಳು ಹೇಳಿದೆ. ಪಪ್ಪ ಒಂದು ರೂಲ್ ಕೂಡ ಯಾವತ್ತೂ ಬ್ರೇಕ್ ಮಾಡಿಲ್ಲ. ಪಪ್ಪನಿಗೆ ಎಷ್ಟು ನಾಚಿಕೆ ಆಗ್ತಿತ್ತು ಗೊತ್ತಾ?"

"ಆಗಲಿ," ಅಂದೆ. "ನಾಚಿಕೆ ಪಡ್ಲಿಕ್ಕಾದರೂ ಅವರು ಇರಬೇಕಿತ್ತು."

ಅವಳ ಬಾಯಿ ತೆರೆಯಿತು. ಈ ಸಲ ಏನೂ ಹೇಳದೆ ಹೋಗಲಿಲ್ಲ. ನೋರಾಳ ಕುತ್ತಿಗೆಗೆ ಮುಖ ಒತ್ತಿ, ಸಣ್ಣ ಮಕ್ಕಳ ಹಾಗೆ, ಜೋರಾಗಿ ಅತ್ತಳು. ಟೊಪ್ಪಿ ತೆಗೆದು ನಿಂತವರು ತಿರುಗಿ ನೋಡಿದರು, ಆದರೆ ಯಾರೂ ಹತ್ತಿರ ಬರಲಿಲ್ಲ. ನಾನು ಬಂದೆ. ಅವಳ ಬೆನ್ನಿನ ಮೇಲೆ ಕೈ ಇಟ್ಟೆ. "ಮುಂದಿನ ಸಲವೂ ಕಟ್ಟುದೇ," ಅಂದೆ. "ನಿನ್ನಿಷ್ಟ ಅಲ್ಲ, ನನ್ನಿಷ್ಟ." ಅವಳು ಅಳುತ್ತಲೇ ಹೂಂ ಅಂದಳು. ಅಥವಾ ಊಹೂಂ ಅಂದಳೋ.

ನನಗೂ ಆಗ ಅಳು ಬರ್ತದೆ ಅಂದುಕೊಂಡೆ. ಬರಲಿಲ್ಲ. ಆದರೆ ಕಾಲಿನ ಬೆರಳುಗಳು ನೋಯ್ಲಿಕ್ಕೆ ಶುರುವಾದವು, ಸೂಜಿ ಚುಚ್ಚಿದ ಹಾಗೆ, ಒಂದೊಂದೇ. ಬೆಳಗ್ಗಿಂದ ಆ ಚಳಿಯಲ್ಲಿ ತೆಳ್ಳಗಿನ ಆಫೀಸು ಬೂಟಿನಲ್ಲಿ ನಿಂತಿದ್ದೆ, ಅಷ್ಟು ಹೊತ್ತು ಗೊತ್ತೇ ಆಗಿರಲಿಲ್ಲ.

"ಅತ್ತೇ," ಅಂದೆ, "ಕಾಲು ನೋಯ್ತದೆ."

"ನೋಯಲಿ," ಅಂದರು ಅತ್ತೆ, ನೋರಾಳ ಬಾಲದ ಗಂಟನ್ನು ಒಮ್ಮೆ ಎಳೆದು ನೋಡುತ್ತಾ.